ಡಾಕ್ಟರಮ್ಮ ಹಾಕಿದ ಹೊಲಿಗೆ

"ಎಂಥಾ ಕೈ ಅಂತೀಯಾ!" ಎಂದರು ಮಾಸ್ಟರು, ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ. ಬಲಗಣ್ಣಿನ ಮೇಲೆ ದಪ್ಪ ಹತ್ತಿಯ ಪಟ್ಟಿ ಕೂತಿತ್ತು. ಬಾಯಿ ಇನ್ನೂ ಒಂದು ಕಡೆಗೆ ಎಳೆದುಕೊಂಡಿದ್ದರಿಂದ ಮಾತು ಸ್ವಲ್ಪ ಜಾರುತ್ತಿತ್ತು. ಆದರೂ ಮಾತು ನಿಲ್ಲಲಿಲ್ಲ. "ಸೂಜಿ ಒಳಗೆ ಹೋಗಿದ್ದೂ ಗೊತ್ತಾಗಲಿಲ್ಲ, ಆಚೆ ಬಂದಿದ್ದೂ ಗೊತ್ತಾಗಲಿಲ್ಲ."

"ಮರಗಟ್ಟೋ ಮದ್ದು ಚುಚ್ಚಿದ ಮೇಲೆ ಗೋಣಿ ಹೊಲಿಯೋ ದಬ್ಬಣ ಹಾಕಿದ್ರೂ ಗೊತ್ತಾಗಲ್ಲ ರೀ," ಎಂದಳು ಹೆಂಡತಿ.

"ಅದು ಬೇರೆ, ಇದು ಬೇರೆ. ಹೊಲಿಗೆ ಗೊತ್ತಿರೋರಿಗೆ ತಿಳಿಯುತ್ತೆ."

ಹೊಲಿಗೆ ಗೊತ್ತಿರುವವಳು ಪಕ್ಕದಲ್ಲೇ ಅವರ ಮೊಣಕೈ ಹಿಡಿದುಕೊಂಡು ಇಳಿಯುತ್ತಿದ್ದಳು. ಮೆಟ್ಟಿಲು ಎಷ್ಟು ಆಳಕ್ಕಿದೆ ಎಂದು ಒಂದೇ ಕಣ್ಣಿಗೆ ಅಂದಾಜು ಸಿಗದೆ ಅವರು ಪ್ರತಿ ಸಲವೂ ಕಾಲನ್ನು ತಡವಿ ತಡವಿ ಇಡುತ್ತಿದ್ದರು. ಬಸ್ಸಿನಲ್ಲಿ ಕೂತ ಮೇಲೂ ಅದೇ ಮಾತು. ಮುಂದಿನ ಸೀಟಿನಲ್ಲಿದ್ದ ಅಪರಿಚಿತನ ಭುಜ ತಟ್ಟಿ, "ಕಣ್ಣಿಗೆ ಹೊಲಿಗೆ ಹಾಕಿದ್ದಾರೆ ಸ್ವಾಮಿ, ನೋವೇ ಇಲ್ಲ" ಎಂದು ಹೇಳಿದಾಗ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮಾಸ್ಟರು ಕೋಟು ಕತ್ತರಿಸಿ ಹೊಲಿಯುವವರು. ಪೇಟೆಯ ಬೀದಿಯಲ್ಲಿ ಒಂದು ಶಟರಿನ ಅಂಗಡಿ. ಮುಂದೆ ಅವರ ಕಟಿಂಗ್ ಟೇಬಲ್ಲು, ಹಿಂದೆ ಮಷೀನು, ಕಿಟಕಿಯ ಪಕ್ಕದಲ್ಲಿ ಅವಳ ಸ್ಟೂಲು. ಮಷೀನಿನ ಮುಂದೆ ಕೂರುವವನನ್ನು ಎಲ್ಲರೂ ಪ್ಯಾಂಟಣ್ಣ ಎನ್ನುತ್ತಾರೆ, ಅವನು ಪ್ಯಾಂಟು ಬಿಟ್ಟು ಬೇರೇನೂ ಹೊಲಿಯಲು ಒಪ್ಪುತ್ತಿರಲಿಲ್ಲವಾದ್ದರಿಂದ. ಅವಳು ಕಾಜಾ ಅಕ್ಕ. ಗುಂಡಿ ತೂರಿಸುವ ಕಾಜಾ, ಗುಂಡಿ, ಒಳಗಿನ ಅಸ್ತರು, ಅಂಚು ಮಡಿಚುವುದು, ಕೋಟಿನಲ್ಲಿ ಕೈಯಿಂದಲೇ ಆಗಬೇಕಾದ ಕೆಲಸವೆಲ್ಲ ಅವಳದು. ಒಳ್ಳೆಯ ಕೈಹೊಲಿಗೆ ಕಣ್ಣಿಗೆ ಕಾಣಬಾರದು, ಕಂಡರೆ ಅದು ತಪ್ಪು. ಹಾಗಾಗಿ ಗಿರಾಕಿಗಳು ಕನ್ನಡಿಯ ಮುಂದೆ ನಿಂತು, "ಮಾಸ್ಟರ್ ಹೊಲಿದ ಕೋಟು ಅಂದ್ರೆ ಕೋಟು" ಎಂದು ಹೇಳಿ ಹೋಗುತ್ತಿದ್ದರು.

ಅದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಇರಲಿಲ್ಲ ಎಂದೇ ಅವಳು ಅಂದುಕೊಂಡಿದ್ದಳು. ಅಂಗಡಿಯಲ್ಲಿ ಒಂದು ರೂಢಿ ಇತ್ತು. ಮುಗಿದ ಬಟ್ಟೆಯನ್ನು ಅವಳು ಟೇಬಲ್ಲಿನ ಮೇಲೆ ಇಟ್ಟರೆ ಮಾಸ್ಟರು ಅದರ ಒಳಮಗ್ಗುಲನ್ನು ಹೊರಗೆ ಮಾಡಿ, ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತಿದ್ದರು. ಎಲ್ಲಿಯಾದರೂ ಬೆರಳು ನಿಂತರೆ ಬಿಚ್ಚಿ ಮತ್ತೆ ಹೊಲಿಯಬೇಕು. ನಿಲ್ಲದಿದ್ದರೆ ಬಟ್ಟೆ ಇಸ್ತ್ರಿಗೆ ಹೋಗುತ್ತಿತ್ತು, ಮಾತಿಲ್ಲದೆ. ಮದುವೆಗೂ ಮುಂಚೆ, ಅವಳು ಅಲ್ಲಿ ಕೆಲಸ ಕಲಿಯಲು ಬಂದ ಹೊಸತರಲ್ಲೇ ಅವರು ಹೇಳಿದ್ದರು: "ನಾನು ಏನೂ ಅನ್ನಲಿಲ್ಲ ಅಂದ್ರೆ ಸರಿಯಾಗಿದೆ ಅಂತ." ಆ ಹೆಬ್ಬೆರಳು ಅವಳ ಹೊಲಿಗೆಯ ಮೇಲೆ ನಿಂತು ಬಹಳ ವರ್ಷವಾಗಿತ್ತು. ಬಹಳ ವರ್ಷದಿಂದ ಅವರು ಏನೂ ಅಂದಿರಲಿಲ್ಲ.

ಕಾಯಿಲೆ ಶುರುವಾದದ್ದು ಒಂದು ಬೆಳಗ್ಗೆ, ಬಾಯಿ ಮುಕ್ಕಳಿಸುವಾಗ. ನೀರು ಬಲಗಡೆಯಿಂದ ತಾನಾಗಿ ಸೋರಿ ಅಂಗಿಯ ಮೇಲೆ ಬಿತ್ತು. ಮುಖದ ಒಂದು ಭಾಗ ಹಿಡಿತವಿಲ್ಲದೆ ಜೋತುಬಿದ್ದಿತ್ತು. ಮುಖದ ನರ ಊದಿಕೊಂಡಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ಬಾಯಿ ಅಷ್ಟಿಷ್ಟು ಸರಿಹೋಯಿತು. ಬಲಗಣ್ಣಿನ ರೆಪ್ಪೆ ಮಾತ್ರ ಕೆಳಗೆ ಇಳಿಯಲಿಲ್ಲ. ಮಲಗಿದರೂ ಆ ಕಣ್ಣು ತೆರೆದೇ ಇರುತ್ತಿತ್ತು. ಮೊದಮೊದಲು ಮಾಸ್ಟರು, "ಒಂದು ಕಣ್ಣು ಕಾವಲಿಗಿದೆ, ಕಳ್ಳರ ಭಯ ಇಲ್ಲ" ಎಂದು ನಗಾಡಿದರು. ಬಟ್ಟೆಯ ನಾರು, ಸೀಮೆಸುಣ್ಣದ ಪುಡಿ ಹಾರಾಡುವ ಅಂಗಡಿಯಲ್ಲಿ ಮುಚ್ಚದ ಕಣ್ಣು ಕೆಂಪಾಯಿತು. ಧೂಳಿರಬೇಕು ಎಂದು ತೋಳಿನಿಂದ ಒರೆಸಿಕೊಂಡರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರದಲ್ಲಿ ಬಿಳಿ ಹುಣ್ಣು ಕೂತಿತ್ತು.

ಡ್ರಾಪ್ಸ್ ಮೇಲೆ ಡ್ರಾಪ್ಸ್ ಹಾಕಿ ಸೋಂಕು ತಗ್ಗಿತು. ಹುಣ್ಣು ಮಾಯಲಿಲ್ಲ. ಕೊನೆಗೆ ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಇಬ್ಬರಿಗೂ ಕೇಳುವ ಹಾಗೆ ಹೇಳಿದರು: "ಮುಚ್ಚದ ಕಣ್ಣಲ್ಲಿ ಹುಣ್ಣು ಒಣಗ್ತಾನೇ ಇರುತ್ತೆ. ಇದಕ್ಕೆ ರೆಪ್ಪೆನೇ ಬ್ಯಾಂಡೇಜು. ಎರಡೂ ರೆಪ್ಪೆ ಸೇರಿಸಿ ಹೊಲಿದುಬಿಡ್ತೀನಿ. ಮೂಗಿನ ಕಡೆ ಸಣ್ಣ ಸಂದಿ ಬಿಡ್ತೀನಿ, ನೀವು ಡ್ರಾಪ್ಸ್ ಹಾಕೋಕೆ, ನಾನು ಒಳಗೆ ನೋಡೋಕೆ. ಹುಣ್ಣು ವಾಸಿಯಾಗಿ, ರೆಪ್ಪೆಗೆ ಬಲ ಬಂದ್ಮೇಲೆ ಬಿಚ್ಚೋಣ. ಹಾಗೇ ಬಿಟ್ರೆ ಆ ಪದರ ತೂತಾಗುತ್ತೆ. ಆಮೇಲೆ ಕಣ್ಣು ಉಳಿಸೋದು ನನ್ನ ಕೈಲಿಲ್ಲ."

ಮಾಸ್ಟರು, "ನಾವು ಕಾಜಾ ತೆಗೆಯೋರು. ನೀವು ಕಾಜಾ ಮುಚ್ಚೋರು" ಎಂದರು.

ಡಾಕ್ಟರಮ್ಮ ಜೋರಾಗಿ ನಕ್ಕರು. ಹೆಂಡತಿ ನಗಲಿಲ್ಲ. ಆ ಮಾತು ಅಂಗಡಿಯದು, ಕಿಟಕಿಯ ಪಕ್ಕದ ಸ್ಟೂಲಿಗೆ ಸೇರಿದ್ದು. ಅದನ್ನು ಅವರು ತೆಗೆದು ಡಾಕ್ಟರಮ್ಮನ ಕೈಗೆ ಕೊಟ್ಟಿದ್ದರು.

ಹೊಟ್ಟೆಕಿಚ್ಚು ಎನ್ನುವುದು ದೊಡ್ಡ ಮಾತು. ಗಂಡನ ಕಣ್ಣು ಉಳಿಸಲು ನೋಡುತ್ತಿರುವವರ ಮೇಲೆ ಹೊಟ್ಟೆಕಿಚ್ಚು ಪಡುವುದು ಮನುಷ್ಯರ ಲಕ್ಷಣವಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಒಳಗೆ ಉರಿಯುತ್ತಿದ್ದುದಕ್ಕೆ ಬೇರೆ ಹೆಸರು ಹುಡುಕಿದರೂ ಸಿಗಲಿಲ್ಲ.

ಪಟ್ಟಿ ಬಿಚ್ಚಿದ ದಿನ ಅವಳು ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ ಮೊದಲ ಸಲ ಆ ಹೊಲಿಗೆಯನ್ನು ನೋಡಿದಳು. ಮೇಲಿನ ರೆಪ್ಪೆಯ ಮೇಲೆ ಒಂದು, ಕೆಳಗಿನದರ ಮೇಲೆ ಒಂದು, ಸಣ್ಣ ರಬ್ಬರ್ ಕೊಳವೆಯ ತುಂಡುಗಳು. ದಾರ ಅವುಗಳೊಳಗಿಂದ ಹಾದು ಚರ್ಮಕ್ಕೆ ಇಳಿದು ಮತ್ತೆ ಮೇಲೆ ಬಂದು ಗಂಟಾಗಿತ್ತು. ಕಿವಿಯ ಕಡೆ ಒಂದು ಜೋಡಿ, ನಡುವೆ ಇನ್ನೊಂದು. ಮೂಗಿನ ಹತ್ತಿರ ಅಕ್ಕಿಕಾಳಿನಷ್ಟು ಸಂದಿ. ರಬ್ಬರ್ ಯಾಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಾರ ಚರ್ಮವನ್ನು ಕೊಯ್ಯಬಾರದು ಎಂದು. ಕೋಟಿನ ಗುಂಡಿಯ ಹಿಂದೆ ಅವಳೂ ಒಂದು ಸಣ್ಣ ಬಟ್ಟೆಯ ತುಂಡು ಇಟ್ಟೇ ಹೊಲಿಯುತ್ತಿದ್ದಳು. ಅದು ತನ್ನ ಉಪಾಯ ಎಂದುಕೊಂಡಿದ್ದಳು.

"ಹೇಗಿದೆ?" ಎಂದರು ಮಾಸ್ಟರು, ಆಸೆಯಿಂದ. "ನನಗಂತೂ ನೋಡೋಕಾಗಲ್ಲ. ನೀನು ಹೇಳು."

ಹೊಲಿಗೆ ಸಮವಾಗಿತ್ತು. ಎಳೆತ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಕುಂದು ಹುಡುಕಿದಳು. ಕೊನೆಗೆ ಒಂದು ಸಿಕ್ಕಿತು.

"ದಾರದ ತುದಿ ಹಾಗೇ ಬಿಟ್ಟಿದ್ದಾರೆ," ಎಂದಳು. "ಬೆಕ್ಕಿನ ಮೀಸೆ ಥರ ನಿಂತಿದೆ."

"ಹೌದಾ? ಅದಕ್ಕೇ ಮಗ್ಗುಲಾದಾಗ ಚುಚ್ಚುತ್ತೆ."

ಅವತ್ತು ಅವಳು ಸುಮಾರು ಹೊತ್ತು ಸಮಾಧಾನವಾಗಿದ್ದಳು.

ಡ್ರಾಪ್ಸ್ ಹಾಕುವ ಹೊತ್ತು ಅವಳದು. ಸೋಪು ಹಾಕಿ ಕೈ ತೊಳೆದು, ಅವರ ಹಿಂದೆ ನಿಂತು, ಅವರ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, ಕೆನ್ನೆಯ ಮೂಳೆಯ ಮೇಲೆ ಹೆಬ್ಬೆರಳಿಟ್ಟು, ಆ ಸಣ್ಣ ಸಂದಿಗೆ ಒಂದೇ ಹನಿ ಬಿಡಬೇಕು. ಹನಿ ಆಚೆ ಜಾರಿದರೆ ಮತ್ತೆ ಹಾಕಬೇಕು. ಅವಳ ಕೈಯಲ್ಲಿ ಜಾರುತ್ತಿರಲಿಲ್ಲ. ಅವರ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿ ಬಹಳ ಕಾಲವಾಗಿತ್ತು. ಹುಬ್ಬಿನಲ್ಲಿ ಬಿಳಿ ಕೂದಲು ಯಾವಾಗ ಬಂತೋ. ಆ ಹೊತ್ತಿನಲ್ಲಿ ಮಾಸ್ಟರು ಮಾತಾಡುತ್ತಿರಲಿಲ್ಲ. ಡಾಕ್ಟರಮ್ಮನ ಹೆಸರೂ ಬರುತ್ತಿರಲಿಲ್ಲ. ಅದೊಂದೇ ಹೊತ್ತು.

ಹನಿ ಹಾಕಿ ಮುಗಿದ ಕೂಡಲೇ ಶುರು. ನೋಡಲು ಬಂದವರಿಗೆಲ್ಲ ಅದೇ ಕಥೆ. ಮಾಸ್ಟರ ತಂಗಿ, ಅಂದರೆ ಅವಳ ನಾದಿನಿ, ಒಂದು ಮಧ್ಯಾಹ್ನ ಅಂಗಡಿಗೆ ಬಂದು ಪೂರ್ತಿ ಕೇಳಿಸಿಕೊಂಡಳು.

"ಅಣ್ಣಾ, ಒಂದು ಕಣ್ಣು ಮುಚ್ಚಿದ ಮೇಲೆ ನಿನಗೆ ಜಾಸ್ತಿ ಕಾಣಿಸ್ತಾ ಇದೆ."

"ಕಾಣಿಸೋದು ಇದ್ರೆ ಕಾಣಿಸುತ್ತೆ. ಆ ಮೇಡಂ ಹಾಕ್ಕೊಳ್ಳೋ ಬಿಳಿ ಕೋಟು ನೋಡಿದ್ದೀಯಾ? ಭುಜ ಜೋತುಬಿದ್ದಿದೆ. ತೋಳು ಬೆರಳ ತನಕ. ಅಂಥಾ ಕೈನ ಅಂಥಾ ತೋಳಲ್ಲಿ ಮುಚ್ಚಿಟ್ಟಿದ್ದಾರೆ."

"ಅಳತೆನೂ ತಗೊಂಡ್ರಾ?" ಎಂದಳು ಹೆಂಡತಿ, ತಲೆ ಎತ್ತದೆ.

"ಅಳತೆಗೆ ಒಂದು ಕಣ್ಣು ಸಾಕು."

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅತ್ತಿಗೆ, ಸೂಜಿ ನೋಡ್ಕೊಂಡು ಚುಚ್ಚಿ. ಬಟ್ಟೆ ಪಾಪ ಏನು ಮಾಡಿದೆ?"

ಮಾರನೆಯ ದಿನ ಮಾಸ್ಟರು ದಪ್ಪ ಬಿಳಿ ಡ್ರಿಲ್ ಬಟ್ಟೆಯನ್ನು ಟೇಬಲ್ಲಿನ ಮೇಲೆ ಹಾಸಿದರು. ಕಣ್ಣಿಗೆ ಹೊಲಿಗೆ ಬಿದ್ದ ಮೇಲೆ ಅವರು ಕತ್ತರಿ ಹಿಡಿದದ್ದು ಅದೇ ಮೊದಲು. ಸೀಮೆಸುಣ್ಣ ಹಿಡಿದು ಗೆರೆ ಎಳೆಯುವಾಗ ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿದ್ದರು. ಪ್ಯಾಂಟಣ್ಣ ಮಷೀನು ನಿಲ್ಲಿಸಿ ನೋಡಿದ. ಅವಳೂ ನೋಡಿದಳು. ಅವರ ಕತ್ತರಿ ಗೆರೆಯ ಮೇಲೆ ಒಂದು ಕೂದಲೆಳೆಯೂ ತಪ್ಪದೆ ಹೋದಾಗ ಅವಳಿಗೆ ಎದೆ ತುಂಬಿತು. ಗಂಟಲಿಗೆ ಬಂದ ಮಾತು, ಈ ಕೋಟು ಯಾರಿಗೆ ಎಂಬುದು ನೆನಪಾಗಿ, ಅಲ್ಲೇ ನಿಂತಿತು.

"ಹೊಲಿಗೆ ಬಿಚ್ಚೋ ದಿನ ಕೊಡೋಣ," ಎಂದರು. "ಕೈಕೆಲಸ ನೀನು ಮಾಡು. ಚೆನ್ನಾಗಿ ಮಾಡು."

ಚೆನ್ನಾಗಿ ಮಾಡು! ಯಾವ ಗಿರಾಕಿಯ ಬಟ್ಟೆಗೂ ಅವರು ಆ ಮಾತು ಸೇರಿಸಿ ಕೊಟ್ಟಿರಲಿಲ್ಲ.

ಅವಳು ಚೆನ್ನಾಗಿಯೇ ಮಾಡಿದಳು. ಪ್ರೀತಿಯಿಂದ ಮಾಡಿದಳೆಂದು ಯಾರಾದರೂ ಹೇಳಿದರೆ ಸುಳ್ಳು. ನೋಡಲಿ ಆಕೆ, ಹೊಲಿಗೆ ಅಂದರೆ ಏನು ಅಂತ ನೋಡಲಿ, ಎಂದು ಹಲ್ಲು ಕಚ್ಚಿ ಮಾಡಿದಳು. ಬಿಳಿಯ ಮೇಲೆ ಬಿಳಿ ದಾರ, ಕಾಜಾದ ಅಂಚು ಒಂದು ಎಳೆಯೂ ಏರುಪೇರಿಲ್ಲದೆ. ಕಾಲರಿನ ಒಳಭಾಗದಲ್ಲಿ ದಾರ ಎಲ್ಲಿ ಶುರುವಾಯಿತು ಎಂದು ಅವಳೇ ಹುಡುಕಿದರೂ ಸಿಗದ ಹಾಗೆ.

"ಅಕ್ಕಾ," ಎಂದ ಪ್ಯಾಂಟಣ್ಣ, "ಕಾಜಾ ಹಾಕ್ತಿದ್ದೀರೋ ಶಾಪ ಹಾಕ್ತಿದ್ದೀರೋ? ಮುಖ ನೋಡಿದ್ರೆ ಭಯ ಆಗುತ್ತೆ."

"ನಿನ್ನ ಪ್ಯಾಂಟಿನ ಕಾಲು ಸಮ ಇದೆಯಾ ನೋಡ್ಕೋ ಹೋಗು."

ಕೊನೆಯ ಗುಂಡಿಯೂ ಆಗಿ, ಸಣ್ಣ ಕತ್ತರಿಯಲ್ಲಿ ಉಳಿದ ದಾರದ ತುದಿಗಳನ್ನೆಲ್ಲ ಕತ್ತರಿಸಿ, ಅವಳು ಕೋಟನ್ನು ಟೇಬಲ್ಲಿನ ಮೇಲೆ ಇಟ್ಟಳು. ಮಾಸ್ಟರು ಒಳಮಗ್ಗುಲು ಮಾಡಿದರು. ಹೆಬ್ಬೆರಳು ಕಾಲರಿನಿಂದ ಹೊರಟು ಎದೆಯ ಪಟ್ಟಿ, ಅಂಚು, ತೋಳಿನ ಬಾಯಿ ಎಲ್ಲ ಸುತ್ತಿ ಬಂತು. ಎಲ್ಲೂ ನಿಲ್ಲಲಿಲ್ಲ. ಅವಳು ಕಾದಳು. ಈ ಸಲ ಏನಾದರೂ ಅನ್ನುತ್ತಾರೆ ಎಂದು ಅವಳಿಗೆ ಯಾಕೆ ಅನಿಸಿತೋ.

"ಮೇಡಂಗೆ ಇಷ್ಟ ಆಗುತ್ತೆ ಅಲ್ವಾ?" ಎಂದರು.

"ಡ್ರಾಪ್ಸ್ ಹೊತ್ತಾಯ್ತು, ಕೂತ್ಕೊಳ್ಳಿ," ಎಂದಳು.

ಅವರು ಸ್ಟೂಲಿನ ಮೇಲೆ ಕೂತು ತಲೆ ಹಿಂದಕ್ಕೆ ಒರಗಿಸಿದರು. ಒಂದು ಹನಿ ಬಿದ್ದಿತು, ಸರಿಯಾಗಿ. ಕಿಟಕಿಯ ಬೆಳಕಿನಲ್ಲಿ ಕಿವಿಯ ಕಡೆಯ ಗಂಟಿನಿಂದ ಆ ಎರಡು ತುದಿಗಳು ನೆಟ್ಟಗೆ ನಿಂತಿದ್ದವು. ಅಷ್ಟು ದೊಡ್ಡ ಹೆಸರು, ಅಷ್ಟು ಹೊಗಳಿಕೆ, ತುದಿ ಕತ್ತರಿಸಲು ಬಾರದೆ? ಅವಳ ಕೆಲಸ ಆಗಿದ್ದರೆ ಮಾಸ್ಟರ ಬೆರಳು ಅಲ್ಲೇ ನಿಲ್ಲುತ್ತಿತ್ತು.

ಅವಳು ಆಲೋಚಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಆಲೋಚಿಸಿದಳು. ರೆಪ್ಪೆಯ ಅಂಚನ್ನು ಸ್ವಲ್ಪ ಕೆರೆದಿದ್ದೇನೆ, ಎರಡೂ ಒಂದಕ್ಕೊಂದು ಅಂಟಿಕೊಳ್ಳಲಿ ಎಂದು, ಅಂಟುವವರೆಗೆ ಮಾತ್ರ ದಾರ ಎಂದು ಡಾಕ್ಟರಮ್ಮನೇ ಹೇಳಿದ್ದರು. ಅಂದರೆ ಇದು ಕಚ್ಚಾ ಹೊಲಿಗೆ. ಟ್ರಯಲ್ ನೋಡುವ ತನಕ ಹಾಕಿ, ಆಮೇಲೆ ಎಳೆದು ಬಿಸಾಡುವಂಥದ್ದು. ವಾರದ ಮೇಲಾಯಿತು, ಅಂಟಿರಲೇಬೇಕು. ತುದಿ ತೆಗೆದರೆ ಏನೂ ಆಗುವುದಿಲ್ಲ. ಅವರಿಗೂ ಚುಚ್ಚುತ್ತಿದೆ. ಚುಚ್ಚುತ್ತಿದೆ ಎಂಬುದನ್ನು ಅವಳು ಎರಡು ಸಲ ಹೇಳಿಕೊಂಡಳು. ಸಣ್ಣ ಕತ್ತರಿಗೆ ಸ್ಪಿರಿಟ್ ಹಚ್ಚಿ ಒರೆಸಿದಳು, ಅಷ್ಟು ಎಚ್ಚರ ಇತ್ತು.

"ಆ ತುದಿ ಚುಚ್ಚುತ್ತೆ ಅಂದಿದ್ರಲ್ಲ. ಅಲ್ಲಾಡಬೇಡಿ."

"ಏನು ಮಾಡ್ತೀಯಾ?"

"ಮಾತಾಡಬೇಡಿ ಅಂದೆ."

ಕೈ ತನಗೆ ಗೊತ್ತಿದ್ದುದನ್ನು ಮಾಡಿತು. ತುದಿಯನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಎಳೆದು, ಬುಡಕ್ಕೇ ಕತ್ತರಿಸಬೇಕು. ಆಗ ಉಳಿದ ಎಳೆ ಬಟ್ಟೆಯೊಳಕ್ಕೆ ಸರಿದು ಮಾಯವಾಗುತ್ತದೆ. ಅಂಗಡಿಯಿಂದ ಆಚೆ ಹೋದ ಎಲ್ಲ ಕೋಟಿನ ಮೇಲೂ ಅವಳು ಹಾಗೆಯೇ ಮಾಡಿದ್ದಳು. ಎರಡೂ ತುದಿ ಹೋದವು. ಗಂಟು ಅಚ್ಚುಕಟ್ಟಾಗಿ ರಬ್ಬರಿನ ಮೇಲೆ ಕೂತಿತು.

"ಈಗ ಸರಿ," ಎಂದಳು.

ಮಾಸ್ಟರು ಕೆನ್ನೆ ಮುಟ್ಟಿ ನೋಡಿಕೊಂಡರು. "ಚುಚ್ಚುತ್ತಿಲ್ಲ," ಎಂದರು. ಡಾಕ್ಟರಮ್ಮನ ಕೆಲಸದಲ್ಲಿ ಉಳಿದಿದ್ದ ಕೊರತೆಯನ್ನು ತಾನು ಸರಿಮಾಡಿದೆ ಎಂದು ಅವಳಿಗೆ ಅವತ್ತು ಊಟವೂ ಹೆಚ್ಚು ಸೇರಿತು.

ಮರುದಿನ ಬೆಳಗ್ಗೆ ಅಂಗಡಿಯ ಶಟರು ಎತ್ತಿ, ಹಳೆಯ ಬಟ್ಟೆ ಥಾನಿನ ಸುರುಳಿ ಬಿಡಿಸುವಾಗ ಮಾಸ್ಟರಿಗೆ ಜೋರಾಗಿ ಸೀನು ಬಂತು. ಒಂದರ ಹಿಂದೆ ಒಂದು. ಟೇಬಲ್ಲಿನ ಮೇಲೆ ಏನೋ ಸಣ್ಣದು ಬಿದ್ದು ಉರುಳಿತು. ಅವರು ಗುಂಡಿ ಎಂದುಕೊಂಡು ಎತ್ತಿದರು. ರಬ್ಬರಿನ ತುಂಡು.

"ಲೇ," ಎಂದರು. "ಈ ಕಡೆಯಿಂದ ಬೆಳಕು ಕಾಣ್ತಿದೆ."

ಅವಳು ಓಡಿಬಂದಳು. ಕಿವಿಯ ಕಡೆ ರೆಪ್ಪೆಗಳು ಬಿಟ್ಟುಕೊಂಡಿದ್ದವು. ನಡುವಿನ ಹೊಲಿಗೆ ಮಾತ್ರ ಒಂಟಿಯಾಗಿ ಹಿಡಿದು ಎಳೆಯುತ್ತಿತ್ತು. ಬಿಟ್ಟ ಜಾಗದಲ್ಲಿ ಕೆಂಪೇರಿದ ಬಿಳಿಗುಡ್ಡೆ, ಅದರ ಅಂಚಿಗೆ ಕಪ್ಪುಗುಡ್ಡೆಯ ಒಂದು ಚೂರು, ಒಣಗಿ ಮಂಕಾಗಿತ್ತು. ಅಂಟಿರಲಿಲ್ಲ. ಅಂಟಿದ್ದರೂ ಇನ್ನೂ ಹಸಿಯಾಗಿತ್ತು.

"ನಿನ್ನೆ ನೀನು ಏನು ಮಾಡಿದೆ?"

"ತುದಿ ಕತ್ತರಿಸಿದೆ."

ಮಾಸ್ಟರು ಏನೂ ಅನ್ನಲಿಲ್ಲ. ಪ್ಯಾಂಟಣ್ಣ ಓಡಿ ಹೋಗಿ ಆಟೋ ಕರೆದುಕೊಂಡು ಬಂದ. ಹೊರಡುವಾಗ ಮಾಸ್ಟರು ಇಸ್ತ್ರಿಯಾಗಿ ಮಡಿಚಿಟ್ಟಿದ್ದ ಬಿಳಿ ಕೋಟನ್ನೂ ಕೈಗೆ ತೆಗೆದುಕೊಂಡರು. ಅದು ಈಗ ಯಾಕೆ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಹೋಗುತ್ತಾ ದಾರಿಯುದ್ದಕ್ಕೂ ಅವಳು ಒದ್ದೆ ಮಾಡಿದ ಹತ್ತಿಯನ್ನು ಅವರ ಕಣ್ಣಿಗೆ ತಾಗದ ಹಾಗೆ ಹತ್ತಿರ ಹಿಡಿದುಕೊಂಡೇ ಕೂತಿದ್ದಳು. ಆ ಕಣ್ಣು ಹೋದರೆ ಅದಕ್ಕೆ ಕಾರಣ ನರವಲ್ಲ, ಧೂಳಲ್ಲ. ಯೋಚನೆ ಅದಕ್ಕಿಂತ ಮುಂದೆ ಹೋಗಲಿಲ್ಲ.

ಡಾಕ್ಟರಮ್ಮ ಅವರ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಬೆಳಕಿನ ಗೆರೆ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ಇದು ತಾನಾಗಿ ಬಿಟ್ಟಿದ್ದಲ್ಲ. ಗಂಟಿನ ಹತ್ತಿರ ಕತ್ತರಿ ಆಡಿದೆ. ಯಾರು?"

"ನಾನು," ಎಂದಳು ಅವಳು. "ತುದಿ ಉದ್ದ ಇತ್ತು."

"ಉದ್ದ ಇರಬೇಕು ಅಂತಾನೇ ಬಿಟ್ಟಿದ್ದು! ಇದು ಹತ್ತಿ ನೂಲಲ್ಲ, ನೈಲಾನು. ಜಾರುತ್ತೆ. ತುದಿ ಇದ್ರೇನೇ ಗಂಟು ನಿಲ್ಲೋದು. ಬಿಚ್ಚುವಾಗ ನನಗೆ ಹಿಡ್ಕೊಳ್ಳೋಕೂ ಅದೇ ಬೇಕು. ಒಂದು ಮಾತು ಕೇಳಬಾರದಾ?"

ಕೇಳಬಹುದಿತ್ತು. ಆಕೆಯನ್ನು ಕೇಳುವುದು ಬೇಡವಾಗಿತ್ತು, ಅಷ್ಟೆ.

"ಕಣ್ಣು?" ಎಂದರು ಮಾಸ್ಟರು.

"ನಡುವೆ ಹುಣ್ಣು ಕಡಿಮೆಯಾಗ್ತಿತ್ತು, ಅದು ಹಾಗೇ ಇದೆ. ಅಂಚಲ್ಲಿ ಮತ್ತೆ ಒಣಗಿದೆ. ತಕ್ಷಣ ಬಂದಿದ್ದಕ್ಕೆ ಬಚಾವು. ಈಗಲೇ ಮತ್ತೆ ಹೊಲಿತೀನಿ." ಡಾಕ್ಟರಮ್ಮ ಚೀಟಿ ಬರೆಯುತ್ತಾ, ತಲೆ ಎತ್ತದೆ ಕೇಳಿದರು: "ಮನೇಲಿ ಬೇರೆ ಯಾರಿದ್ದಾರೆ? ಡ್ರಾಪ್ಸ್ ಇನ್ಮೇಲೆ ಅವರು ಹಾಕಲಿ. ಇವರು ಕಣ್ಣು ಮುಟ್ಟೋದು ಬೇಡ."

ಬೈದದ್ದೆಲ್ಲ ಅವಳು ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ. ಕಿಟಕಿಯ ಬೆಳಕು, ಹೊಟ್ಟೆಗೆ ಒರಗಿದ ತಲೆ, ಕೆನ್ನೆಯ ಮೂಳೆ. ಇನ್ನು ಅಲ್ಲಿ ಬೇರೆ ಯಾರೋ ನಿಲ್ಲುತ್ತಾರೆ. ಗಂಡನ ಮುಖ ನೋಡಿದಳು. ಅವರು ಏನು ಹೇಳಿದರೂ ಅದಕ್ಕೆ ತಾನು ಯೋಗ್ಯಳೇ.

"ತಂಗಿ ಇದ್ದಾಳೆ," ಎಂದರು ಮಾಸ್ಟರು.

"ಸರಿ. ಅವರನ್ನ ಕಳಿಸಿ, ಹೇಳಿಕೊಡ್ತೀನಿ."

"ಆದ್ರೆ ಅವಳು ಬೇಡ ಮೇಡಂ. ಅವಳು ಹಾಕಿದ್ರೆ ಹನಿ ಕಿವಿಗೆ ಹೋಗುತ್ತೆ." ಅವರು ಮಡಿಲಲ್ಲಿದ್ದ ಕೋಟಿನ ಮಡಿಕೆ ಬಿಚ್ಚಿದರು. "ಇದು ನಿಮಗೆ ಅಂತ ತಂದಿದ್ದು. ಹೊರಗಡೆ ನೋಡಬೇಡಿ, ಅದು ನನ್ನ ಕೆಲಸ. ಒಳಗಡೆ ನೋಡಿ." ಕೋಟನ್ನು ತಿರುವಿ, ಅಸ್ತರಿನ ಕಡೆ ಮೇಲೆ ಮಾಡಿ ಮೇಜಿನ ಮೇಲೆ ಹಾಸಿದರು. "ದಾರ ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು, ಹೇಳಿ ನೋಡೋಣ."

"ಇದೆಲ್ಲ ಯಾಕೆ ಈಗ?" ಎನ್ನುತ್ತಲೇ ಡಾಕ್ಟರಮ್ಮ ಬಗ್ಗಿದರು. ಬೆರಳು ಕಾಲರಿನ ಮೇಲೆ ಓಡಿತು. ಒಂದು ಕಾಜಾ ತಿರುಗಿಸಿ ನೋಡಿದರು, ಮೇಜಿನ ದೀಪ ಹತ್ತಿರ ಎಳೆದುಕೊಂಡು ಇನ್ನೊಂದನ್ನೂ ನೋಡಿದರು.

"ತುದಿಗಳೇ ಇಲ್ಲ," ಎಂದರು.

"ಅದೇ ಮೇಡಂ ಇವಳ ಕಾಯಿಲೆ. ನನ್ನ ಅಂಗಡಿಯಿಂದ ಒಂದು ತುದಿ ಆಚೆ ಹೋಗೋಕೆ ಬಿಟ್ಟಿಲ್ಲ. ನಿಮ್ಮದು ಕಾಣಿಸ್ತು, ಕತ್ತರಿಸಿದಳು. ತಪ್ಪು, ಇಲ್ಲ ಅನ್ನಲ್ಲ. ಆದ್ರೆ ಇಂಥಾ ಕೈ ನಾನು ಇನ್ನೊಂದು ನೋಡಿಲ್ಲ. ಹನಿ ಇವಳೇ ಹಾಕಲಿ. ಕಣ್ಣು ನನ್ನದು ತಾನೇ?"

ಡಾಕ್ಟರಮ್ಮ ಕೋಟು ಮಡಿಚಿ ಪಕ್ಕಕ್ಕಿಟ್ಟರು. ಅವಳ ಕಡೆ ತಿರುಗಿ, "ನನ್ನ ಹೊಲಿಗೆಗೆ ಕತ್ತರಿ ತಾಗಿಸಲ್ಲ ಅಂತ ಹೇಳಿ," ಎಂದರು.

"ತಾಗಿಸಲ್ಲ."

"ಅದು ಎಷ್ಟೇ ಅಸಹ್ಯವಾಗಿ ಕಂಡರೂ?"

"ಹೊಲಿಗೆ ಚೆನ್ನಾಗಿದೆ ಮೇಡಂ," ಎಂದಳು. ಹಾಗೆ ಹೇಳಿದ್ದು ಸಂಕಟಕ್ಕೋ ಸಿಟ್ಟಿಗೋ ಅವಳಿಗೂ ತಿಳಿಯಲಿಲ್ಲ.

ಒಳಗೆ ಹೊಲಿಗೆ ನಡೆಯುವಷ್ಟು ಹೊತ್ತು ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಇಂಥಾ ಕೈ ನಾನು ಇನ್ನೊಂದು ನೋಡಿಲ್ಲ. ಇಷ್ಟು ವರ್ಷ ಕಾದ ಮಾತು. ಅದು ಬಂದೇಬಿಟ್ಟಿತ್ತು, ಇಂಥ ದಿನ, ಇಂಥ ತಪ್ಪಿನ ಮೇಲೆ. ಆದರೆ ಅದನ್ನು ಅವರು ಹೇಳಿದ್ದು ಆಕೆಗೆ. ಆಕೆಯ ಮುಖ ನೋಡಿಕೊಂಡು. ತನ್ನ ಬಗ್ಗೆ ಆಡಿದ ಮಾತಿನ ಮೇಲೂ ತನಗೆ ಹೊಟ್ಟೆಕಿಚ್ಚಾಗುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಕಿಚ್ಚು ಆರಲಿಲ್ಲ.

ವಾಪಸು ಬರುವಾಗ ಬಸ್ ನಿಲ್ದಾಣದವರೆಗೆ ನಡೆಯಬೇಕಿತ್ತು. ಮತ್ತೆ ಪಟ್ಟಿ, ಮತ್ತೆ ಮೊಣಕೈ. ಈ ಸಲ ಮಾಸ್ಟರು ಸುಮ್ಮನೆ ನಡೆಯುತ್ತಿದ್ದರು.

"ಒಳಗೆ ನನ್ನ ಕೈ ಬಗ್ಗೆ ಹೇಳಿದ್ರಲ್ಲ," ಎಂದಳು.

"ಹೇಳಬೇಕಾಯ್ತು. ಇಲ್ಲಾಂದ್ರೆ ನನ್ನ ತಂಗಿ ಕೈಗೆ ಸಿಕ್ಕಿಸ್ತಿದ್ರು."

"ನನಗೆ ಯಾವತ್ತೂ ಯಾಕೆ ಹೇಳಲಿಲ್ಲ?"

"ತಪ್ಪಿದ್ರೆ ತಾನೇ ಹೇಳೋದು?"

"ಆಕೆಗೆ ಮಾತ್ರ ಬಾಯ್ತುಂಬ ಹೇಳ್ತಿದ್ರಿ. ಬಸ್ಸಲ್ಲಿ ಕೂತಿದ್ದೋರಿಗೂ ಹೇಳಿದ್ರಿ. ಆ ಹೊಲಿಗೆ ನೀವು ಕಣ್ಣಾರೆ ನೋಡಿದ್ದೂ ಇಲ್ಲ."

ಮಾಸ್ಟರು ನಿಂತರು. ಅವಳನ್ನು ನೋಡಲು ಇಡೀ ತಲೆಯನ್ನೇ ತಿರುಗಿಸಬೇಕಾಯಿತು. ಹಿಂದಿನಿಂದ ಬರುತ್ತಿದ್ದವರು ಗೊಣಗುತ್ತಾ ಪಕ್ಕಕ್ಕೆ ಸರಿದು ಹೋದರು.

"ಭಯ ಕಣೇ," ಎಂದರು. "ಸೂಜಿ ಎದುರಿಗೇ ಬರ್ತಿರುತ್ತೆ, ಕಣ್ಣು ಮುಚ್ಚೋಣ ಅಂದ್ರೆ ಅದೇ ಮುಚ್ಚಲ್ಲ. ಕಣ್ಣು ಹೋದ್ರೆ ಕತ್ತರಿ ಹೋಯ್ತು, ಕತ್ತರಿ ಹೋದ್ರೆ ನಾನು ಯಾರು? ಒಳ್ಳೇ ಕೈ, ಒಳ್ಳೇ ಕೈ ಅಂತ ಹತ್ತು ಜನಕ್ಕೆ ಹೇಳಿದ್ರೆ ನನಗೂ ನಂಬಿಕೆ ಬರುತ್ತೆ ಅಂತ ಹೇಳ್ತಿದ್ದೆ."

ಅಷ್ಟು ಹತ್ತಿರದಿಂದ ಅಷ್ಟು ದಿನ ಆ ಮುಖ ನೋಡಿದ್ದಳು. ಹುಬ್ಬಿನ ಬಿಳಿ ಕೂದಲು ಕಂಡಿತ್ತು, ದಾರದ ತುದಿ ಕಂಡಿತ್ತು. ಇದು ಕಂಡಿರಲಿಲ್ಲ.

ಪಟ್ಟಿ ತೆಗೆಯಲು ಹೇಳಿದ ದಿನ ಅವಳು ಎರಡು ಸಲ ಕೈ ತೊಳೆದಳು. ಅವರನ್ನು ಕಿಟಕಿಯ ಹತ್ತಿರ ಕೂರಿಸಿ ಹಿಂದೆ ನಿಂತಳು. ಹೊಸ ಹೊಲಿಗೆಯ ತುದಿಗಳು ಮೊದಲಿಗಿಂತಲೂ ಉದ್ದವಾಗಿದ್ದವು, ಬೇಕೆಂದೇ ಬಿಟ್ಟ ಹಾಗೆ. ಅವಳು ಅವುಗಳಿಂದ ನೋಟ ಕಿತ್ತು ಸಂದಿಯ ಕಡೆ ತಂದಳು. ಸೀಸೆ ಹತ್ತಿರ ಹೋದಾಗ ಮಾಸ್ಟರ ಕೈ ಹಿಂದಕ್ಕೆ ಬಂದು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಹನಿ ಹಾಕದ ಕೈಯ ಮಣಿಕಟ್ಟು. ಅವರು ದಿನಾ ಹೀಗೆ ಹಿಡಿಯುತ್ತಿದ್ದರೇ? ನೆನಪು ಮಾಡಿಕೊಂಡಳು. ಹಿಡಿಯುತ್ತಿದ್ದರು. ಬೆರಳಿನ ಗುರುತು ಮೂಡುವಷ್ಟು.

"ಅಲ್ಲಿ ಆಪರೇಷನ್ ಟೇಬಲ್ ಮೇಲೂ ಹೀಗೇ ಹಿಡ್ಕೊಂಡಿದ್ರಾ?" ಎಂದು ಕೇಳಿದಳು. ಕೇಳಬಾರದಿತ್ತು, ಆದರೆ ಕೇಳಿದಳು.

"ಅಲ್ಲಿ ಹಿಡ್ಕೊಳ್ಳೋಕೆ ಏನಿತ್ತು?" ಎಂದರು ಮಾಸ್ಟರು. "ಬೇಗ ಹಾಕು."

ಅವಳು ಹನಿ ಬಿಟ್ಟಳು.